ಇಟ್ಟೆ, ತಗೊಂಡೆ

ಗಾಳಿ ಶಕೆ ನೂರಾ ನಾಲ್ಕು, ಬಿಡುವಿನ ತಿಂಗಳ ಮೂರನೆಯ ದಿನ
ಬೆಣಚಿಕಟ್ಟಿ, ಕಪ್ಪತಗುಡ್ಡದ ಮಗ್ಗುಲು

ನನ್ನ ಅತ್ತೆಯ ಅತ್ತೆಯ ಅತ್ತೆಯ ಅತ್ತೆಯ ಅತ್ತೆಯವರಾದ ಅಕ್ಷತಾ ಅವರಿಗೆ, ಈ ಮನೆಯ ಕಿರಿಯ ಸೊಸೆ ಮಹಾನಂದಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರಾ ಎಂಬತ್ತೊಂದನೆಯ ಇಸವಿ. ಬಿಡುವಿನ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳ ಕೆಂಡದಂಥ ದಿನಗಳನ್ನು ಕತ್ತರಿಸಿ ಒಟ್ಟಿಗೆ ಹೊಲಿದು ಮಾಡಿದ ಹದಿಮೂರನೆಯ ತಿಂಗಳು ಅದು. ಆ ತಿಂಗಳು ಹೊಲದ ಕೆಲಸ ಮಾಡುವಂತಿಲ್ಲ, ಮಾಡಿದವರನ್ನು ಊರವರು ಬೈಯುತ್ತಾರೆ. ಸಂಡಿಗೆ ಹಾಕಬಹುದು, ಹಪ್ಪಳ ಲಟ್ಟಿಸಬಹುದು, ಮದುವೆಯ ಮಾತು ಆಡಬಹುದು, ಮಲಗಬಹುದು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮವೂ ನಮಗೆ ಕಡಿಮೆ ವಿಚಿತ್ರವಲ್ಲ. ಕಾಲೇಜಿನಲ್ಲಿ ಹಳೆಯ ಕಾಲದ ಬದುಕನ್ನೇ ಮುಖ್ಯ ವಿಷಯವಾಗಿ ಓದಿದವಳು ನಾನು. ಆದರೂ 'ಟ್ರಾಫಿಕ್' ಎಂಬುದು ಇವತ್ತಿಗೂ ಅರ್ಥವಾಗಿಲ್ಲ. ಅಷ್ಟೊಂದು ಜನ ಒಂದೇ ಕಡೆ ಹೋಗುವವರಿದ್ದರೆ ಕೂಡಿಯೇ ಯಾಕೆ ಹೋಗುತ್ತಿರಲಿಲ್ಲ?

ಇದು ಹಿಂದೋಲೆ, ಅಂದರೆ ಹಿಂದಕ್ಕೆ ಬರೆಯುವ ಓಲೆ. ನಮ್ಮ ಕಡೆ ಎಳೆಗೂಸಿನ ತಾಯಿಗೆ ನಿದ್ದೆ ಬಾರದಿದ್ದರೆ ಔಷಧಿ ಕೊಡುವ ಮೊದಲು ಒಂದು ಹಿಂದೋಲೆ ಬರೆಸಿ ನೋಡುತ್ತಾರೆ. ಮನೆಯ ಹಿಂದಿನ ಸೊಸೆಯರಲ್ಲಿ ಒಬ್ಬಳನ್ನು ಆರಿಸಿಕೊಂಡು, ಅವಳೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಿದ್ದೆಗೆಟ್ಟು ಕೂತಿದ್ದ ಕಾಲಕ್ಕೆ ಬರೆಯಬೇಕು. ಬರೆದದ್ದನ್ನು ಯಾರೂ ಓದುವುದಿಲ್ಲ. ಮಡಚಿ, ಕೂಸಿಗೆ ಎರೆಯಲು ನೀರು ಕಾಯುವ ಒಲೆಗೆ ಹಾಕುತ್ತಾರೆ. ಹೊಗೆ ಹಿಂದಕ್ಕೆ ಹೋಗುತ್ತದೆ ಎಂದು ನಂಬಿಕೆ. ಹೊಗೆ ಎಲ್ಲಿಗೆ ಹೋಗುತ್ತದೆಂಬುದು ನನಗೆ ಗೊತ್ತಿದೆ, ಅದನ್ನು ಓದಿ ಪಾಸಾಗಿದ್ದೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಊರೆಲ್ಲ ಮಲಗಿದೆ. ಇದು ಮಧ್ಯಾಹ್ನದ ಮಲಗು. ಹೊತ್ತು ನೆತ್ತಿಗೆ ಬಂದ ಕೂಡಲೆ ಬಾಗಿಲುಗಳು ಮುಚ್ಚುತ್ತವೆ. ನಮ್ಮ ಮನೆಗಳು ಅರ್ಧ ನೆಲದೊಳಗೇ ಇರುವುದರಿಂದ ಒಳಗೆ ಮಡಕೆಯ ತಂಪು, ಸೂರ್ಯ ಇಳಿಯುವ ತನಕ ಬೆಣಚಿಕಟ್ಟಿಯಲ್ಲಿ ಗೊರಕೆಯ ಹೊರತು ಸದ್ದಿಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಗಂಡ ಚೆನ್ನವೀರನ ಗೊರಕೆ, ಪಡಸಾಲೆಯಲ್ಲಿ ಅತ್ತೆ ಗುರುಸಿದ್ಧವ್ವನವರ ಗೊರಕೆ. ಎರಡೂ ಒಂದೇ ರಾಗ, ತಾಯಿ ಮಗ ಅಲ್ಲವೇ. ಐದು ತಿಂಗಳ ನನ್ನ ಮಗಳು ಚುಕ್ಕಿ ಕೂಡ ನಿದ್ದೆ ಮಾಡುತ್ತಿದ್ದಾಳೆ. ನಾನೊಬ್ಬಳು ಅವಳ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಿದ್ದೇನೆ.

ನಿಮ್ಮನ್ನೇ ಯಾಕೆ ಆರಿಸಿದೆ ಎಂದು ಹೇಳಿಬಿಡುತ್ತೇನೆ. ನಿಮ್ಮ ಬಗ್ಗೆ ಈ ಮನೆಯಲ್ಲಿ ಉಳಿದಿರುವುದು ಎರಡೇ ಮಾತು. ಒಂದು, ಅಕ್ಷತಾ ಎಂದೂ ಉಪ್ಪನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಉಪ್ಪು, ಮೆಣಸಿನಕಾಯಿ, ಎಣ್ಣೆ ಯಾವುದನ್ನೂ ಕೈಯಿಂದ ಕೈಗೆ ದಾಟಿಸಬಾರದು, ಜಗಳವಾಗುತ್ತದೆ. ಕಟ್ಟೆಯ ಮೇಲೆ ಇಡಬೇಕು, ಬೇಕಾದವರು ತಗೊಳ್ಳಬೇಕು. ನಿಮ್ಮ ಕಾಲದಲ್ಲಿ ಇದು ಎಷ್ಟೋ ಮನೆಗಳಲ್ಲಿ ಇತ್ತಂತೆ, ನಮಗೆ ಮಾತ್ರ ನಿಮ್ಮಿಂದಲೇ ಬಂತು ಎಂದು ಹೆಮ್ಮೆ. ಎರಡನೆಯದು, ಗದಗಿನ ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ನೀವು ನಿಮ್ಮ ಗಂಡುಕೂಸನ್ನು ತಿಂಗಳುಗಟ್ಟಲೆ ಯಾರ ಕೈಗೂ ಕೊಡಲಿಲ್ಲವಂತೆ. ಸ್ನಾನಕ್ಕೆ ಹೋಗುವಾಗಲೂ ತೊಟ್ಟಿಲನ್ನು ಬಚ್ಚಲ ಬಾಗಿಲ ತನಕ ಎಳೆದುಕೊಂಡು ಹೋಗುತ್ತಿದ್ದಿರಂತೆ. ಇದನ್ನು ಹೇಳಿ ನೂರೈವತ್ತು ವರ್ಷಗಳಿಂದ ಈ ಮನೆಯವರು ನಗುತ್ತಿದ್ದಾರೆ. ನಾನೂ ನಕ್ಕಿದ್ದೆ. ಈಗ ನಗುವುದಿಲ್ಲ.

ವಿಷಯಕ್ಕೆ ಬರುವ ಮೊದಲು ಗಿರಿಗಿಟ್ಲೆ ಎಂದರೇನೆಂದು ತಿಳಿಸಬೇಕು. ನಿಮ್ಮ ಡಾಂಬರು ರಸ್ತೆಗಳನ್ನು ನನ್ನ ಮುತ್ತಜ್ಜನ ಕಾಲಕ್ಕೇ ಕಿತ್ತು ಎರೆಹೊಲಕ್ಕೆ ಮರಳಿಸಿದ್ದಾರೆ. ಈಗ ಊರಿಂದೂರಿಗೆ ಕಾಲುದಾರಿ, ಗಾಡಿದಾರಿ. ದೂರಕ್ಕೆ ಹೋಗಲು ನಿಧಾನರೈಲು. ಅದು ಎಷ್ಟು ನಿಧಾನವೆಂದರೆ ಹತ್ತಿದವರು ಇಳಿಯುವ ಹೊತ್ತಿಗೆ ನೆಂಟರಾಗಿರುತ್ತಾರೆ. ನನಗೂ ಚೆನ್ನವೀರನಿಗೂ ಮದುವೆ ಗಟ್ಟಿಯಾದದ್ದು ಅದರಲ್ಲಿಯೇ, ಡಂಬಳ ದಾಟಿದ ಮೇಲೆ. ಜೀವ ಉಳಿಸುವ ಅವಸರಕ್ಕೆ ಮಾತ್ರ ಗಿರಿಗಿಟ್ಲೆ. ಮಕ್ಕಳು ಗಾಳಿಗೆ ಹಿಡಿದುಕೊಂಡು ಓಡುವ ಆಟಿಕೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದೇವೆ. ನೀವು ಹೆಲಿಕಾಪ್ಟರ್ ಎನ್ನುತ್ತಿದ್ದಿರಿ. ನಿಮ್ಮದು ಎಣ್ಣೆ ಕುಡಿಯುತ್ತಿತ್ತು, ನಮ್ಮದು ಗುಡ್ಡದ ಮೇಲಿನ ಗಾಳಿಕಂಬಗಳು ತುಂಬಿಸಿಕೊಟ್ಟ ಬ್ಯಾಟರಿಯಿಂದ ಹಾರುತ್ತದೆ. ಎರಡು ಸೀಟು ಮುಂದೆ, ಮಲಗಿಸಿಕೊಂಡು ಹೋಗಲು ಒಂದು ಹಾಸಿಗೆ ಹಿಂದೆ. ಸುತ್ತಲಿನ ಏಳೆಂಟು ಹಳ್ಳಿಗೆ ಇರುವುದು ಒಂದೇ ಗಿರಿಗಿಟ್ಲೆ, ಅದನ್ನು ಹಾರಿಸುವವರು ನನ್ನ ಅತ್ತೆ. ಅವರಿಗೆ ಅವರ ಅತ್ತೆ ಕಲಿಸಿದ್ದು. ಈ ಮನೆಯಲ್ಲಿ ಸೊಸೆಗೆ ಬೀಗದ ಕೈ ಕೊಡುವುದಿಲ್ಲ, ಗಿರಿಗಿಟ್ಲೆ ಕೊಡುತ್ತಾರೆ. ರಿಪೇರಿ ಗಂಡಸರ ಪಾಲು.

ನಾನು ಕಲಿಯಬೇಕೆಂದು ಹಟ ಹಿಡಿದದ್ದು ಚುಕ್ಕಿ ಹುಟ್ಟಿದ ದಿನ. ನೋವು ಶುರುವಾದಾಗ ಅತ್ತೆ ನನ್ನನ್ನು ಹಿಂದಿನ ಹಾಸಿಗೆಯಲ್ಲಿ ಮಲಗಿಸಿಕೊಂಡು ಗದಗಿನ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಲ್ಲಿ ಸದ್ದು ನಿಂತುಹೋಯಿತು. "ಅತ್ತೀ, ಸದ್ದು ಯಾಕ ನಿಂತಿತ್ರಿ?" ಎಂದು ಕೇಳಿದೆ. "ನಿನ್ನ ಕಿವಿ ಗಡಚಿಕ್ಯಾವು. ಬಾಯಿ ಮುಚ್ಚಿ ಉಸಿರು ತಗೊ," ಎಂದರು. ಕಡಲೆ ಹೊಲದಲ್ಲಿ ನಾವು ಇಳಿದದ್ದು ಹೇಗಿತ್ತೆಂದರೆ, ಯಾರೋ ಹಾಲಿನ ಪಾತ್ರೆಯನ್ನು ತುಳುಕದಂತೆ ನೆಲಕ್ಕಿಟ್ಟ ಹಾಗೆ. ಎಂಜಿನ್ ನಿಜವಾಗಿಯೇ ಸತ್ತಿತ್ತು ಎಂದು ನನಗೆ ತಿಳಿದದ್ದು ಚುಕ್ಕಿ ಹುಟ್ಟಿದ ಮೇಲೆ. ಅವಳು ಹುಟ್ಟಿದ್ದು ಅಲ್ಲಿಯೇ, ಹಸಿ ಕಡಲೆಯ ಹುಳಿ ವಾಸನೆಯಲ್ಲಿ, ಅತ್ತೆಯ ಮಡಿಲಿಗೆ. ಅದಕ್ಕೇ ಅವಳ ಮೈಗೆ ಇನ್ನೂ ಹುಳಿ ಕಡಲೆಯ ವಾಸನೆ ಇದೆ ಎಂದು ಚೆನ್ನವೀರ ಹೇಳುತ್ತಾನೆ, ದಿನಕ್ಕೆ ನಾಲ್ಕು ಸಲ ಮೂಸಿ ನೋಡುತ್ತಾನೆ.

ಎಂಜಿನ್ ಸತ್ತರೂ ಗಿರಿಗಿಟ್ಲೆ ಕಲ್ಲಿನಂತೆ ಬೀಳುವುದಿಲ್ಲ. ಇದು ನನಗೆ ಇವತ್ತಿಗೂ ಜಗತ್ತಿನ ಅತ್ಯಂತ ಸಂತೋಷದ ಸಂಗತಿಯಾಗಿ ಕಾಣುತ್ತದೆ. ರೆಕ್ಕೆಯುಳ್ಳ ಬೀಜ ಮರದಿಂದ ಕಳಚಿ ತಿರುಗುತ್ತ ಇಳಿಯುವುದನ್ನು ನೀವು ನೋಡಿರುತ್ತೀರಿ. ಹಾಗೆಯೇ ಇದು. ಎರಡು ಸೀಟಿನ ನಡುವೆ ಒಂದು ಎತ್ತುಗೋಲು ಇರುತ್ತದೆ. ಸದ್ದು ನಿಂತ ಕೂಡಲೆ ಅದನ್ನು ಕೆಳಗೆ ಒತ್ತಿಬಿಡಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ಮೇಲಿನ ರೆಕ್ಕೆಗಳನ್ನು ತಿರುಗಿಸುತ್ತದೆ. ನೆಲ ಹತ್ತಿರವಾದಾಗ ಮೂತಿ ಎತ್ತಿ ವೇಗ ಮುರಿದು, ಕೊನೆಯಲ್ಲಿ ಎತ್ತುಗೋಲನ್ನು ಮೇಲಕ್ಕೆಳೆದರೆ, ಅಲ್ಲಿಯ ತನಕ ರೆಕ್ಕೆಗಳು ಕೂಡಿಟ್ಟುಕೊಂಡಿದ್ದ ತಿರುಗು ಒಂದೇ ಒಂದು ಸಲ ನಮ್ಮನ್ನು ಎತ್ತಿ ಹಿಡಿಯುತ್ತದೆ. ಒಂದೇ ಸಲ. ಬೇಗ ಎಳೆದರೆ ಗಾಳಿಯಲ್ಲಿ ಖರ್ಚಾಗುತ್ತದೆ, ತಡವಾದರೆ ನೆಲ ಸಿಗುತ್ತದೆ. ಇದನ್ನು ಕಲಿಸಲು ಗುರುವಾದವರು ಬೇಕೆಂದೇ ಎಂಜಿನ್ ತಗ್ಗಿಸಿ, ಸತ್ತಿದೆ ಎಂದುಕೋ ಎನ್ನುತ್ತಾರೆ. ಈ ಪಾಠಕ್ಕೆ ಹುಸಿನಿಲುಗಡೆ ಎಂದು ಹೆಸರು. ಹುಸಿನಿಲುಗಡೆಯನ್ನು ಕೊನೆಯ ತನಕ ತಾನೇ ಮಾಡದವಳು ಬಸುರಿಯನ್ನು ಹತ್ತಿಸಿಕೊಳ್ಳುವಂತಿಲ್ಲ.

ಈಗ ನಿಮ್ಮ ಉಪ್ಪಿನ ಮಾತು ಬರುತ್ತದೆ. ಮೊದಲು ಈ ಊರಿಗೆ ಗಿರಿಗಿಟ್ಲೆ ತಂದವರು ನಿಮ್ಮ ಮೊಮ್ಮಗನ ಹೆಂಡತಿ. ಅವರಿಗೂ ಅವರ ಸೊಸೆಗೂ ಆಕಾಶದಲ್ಲಿ ಎತ್ತುಗೋಲಿನ ಮೇಲೆ ಕೈ ತಾಗಿ ತಾಗಿ ಜಗಳವಾಗುತ್ತಿತ್ತಂತೆ. ಇಳಿದು ಬಂದರೆ ವಾರಗಟ್ಟಲೆ ಮಾತಿಲ್ಲ. ಆಗ ಅವರು ಅಡಿಗೆಮನೆಯ ಕಟ್ಟಳೆಯನ್ನೇ ಮೇಲಕ್ಕೆ ಒಯ್ದರು. ಎತ್ತುಗೋಲು ಉಪ್ಪಿನ ಜಾತಿಯದು, ಅದನ್ನೂ ಕೈಯಿಂದ ಕೈಗೆ ಕೊಡಬಾರದು. ಹಿಡಿದವಳು ಕೈ ಬಿಟ್ಟು "ಇಟ್ಟೆ" ಎನ್ನಬೇಕು. ಇನ್ನೊಬ್ಬಳು "ತಗೊಂಡೆ" ಎಂದು ಹಿಡಿಯಬೇಕು. ನಡುವೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಅದು ಯಾರ ಕೈಯಲ್ಲೂ ಇರುವುದಿಲ್ಲ. ಮೇಲೆ ಹಾರುತ್ತಿರುವಾಗ ಅದರಿಂದ ಏನೂ ತೊಂದರೆಯಿಲ್ಲ. ಮೂರು ತಲೆಮಾರು ಹೀಗೆಯೇ ನಡೆಯಿತು, ಅತ್ತೆ ಸೊಸೆಯರು ನಗುನಗುತ್ತ ಇಳಿದರು.

ಹೋದ ವಾರ ಇಳಿಗಟ್ಟೆಯ ಮೇಲೆ ನಾವು ಹುಸಿನಿಲುಗಡೆಗೆ ಹೋದೆವು. ಇಳಿಗಟ್ಟೆ ಎಂದರೆ ಗಿರಿಗಿಟ್ಲೆ ಇಳಿಯುವ ಬಯಲು. ಊರಿನಲ್ಲೇ ಅತಿ ಸಮತಟ್ಟಾದ, ಅತಿ ಸ್ವಚ್ಛವಾದ ಜಾಗ. ಆದ್ದರಿಂದ ಬಿಡುವಿನ ತಿಂಗಳು ಹತ್ತಿರ ಬಂದಾಗ ಹೆಂಗಸರೆಲ್ಲ ಅದರ ಅಂಚಿಗೆ ಸೀರೆ ಹಾಸಿ ಸಂಡಿಗೆ ಒಣಹಾಕುತ್ತಾರೆ. ಅಂಚಿನದು ದಿನದಿಂದ ದಿನಕ್ಕೆ ನಡುವಿಗೆ ಬರುತ್ತದೆ. ಯಾರ ಮೈಮೇಲೂ ಬೀಳಬಾರದೆಂದು ನಾವು ಪಾಠಕ್ಕೆ ಆರಿಸಿಕೊಳ್ಳುವುದು ಮಧ್ಯಾಹ್ನದ ಮಲಗಿನ ಹೊತ್ತನ್ನೇ. ಅವತ್ತೂ ಬಯಲಲ್ಲಿ ನರಪಿಳ್ಳೆ ಇರಲಿಲ್ಲ. ಅತ್ತೆ ಎಂಜಿನ್ ತಗ್ಗಿಸಿದರು. ನಾನು ಎತ್ತುಗೋಲು ಒತ್ತಿದೆ. ಗಾಳಿ ರೆಕ್ಕೆಗಳನ್ನು ಹಿಡಿಯಿತು. ಬೀಜದಂತೆ ಇಳಿದೆವು. ಮೂತಿ ಎತ್ತಿದೆ. ಅಲ್ಲಿಯ ತನಕ ಎಲ್ಲ ಸೊಗಸಾಗಿತ್ತು. ಪ್ರತಿದಿನ ಆ ಎತ್ತರಕ್ಕೆ ಬಂದಾಗ ನಾನು ಇಡುತ್ತಿದ್ದೆ, ಅತ್ತೆ ತಗೊಂಡು ಕೊನೆಯ ಎಳೆತ ಎಳೆಯುತ್ತಿದ್ದರು. ಅವತ್ತು ಅವರು ಮನಸ್ಸಿನಲ್ಲೇ ನಿಶ್ಚಯಿಸಿದ್ದರಂತೆ, ಇವತ್ತು ಸೊಸೆಯೇ ಪೂರ್ತಿ ಮಾಡಲಿ, ನಾನು ಬರೀ ಬೆರಳು ತಾಗಿಸಿ ಬಿಟ್ಟುಬಿಡುತ್ತೇನೆ ಎಂದು. ಆದ್ದರಿಂದ ನಾಲ್ಕಾಳೆತ್ತರದಲ್ಲಿ ಇಬ್ಬರೂ ಒಂದೇ ಉಸಿರಿಗೆ ಹೇಳಿದೆವು: "ಇಟ್ಟೆ."

ಆಮೇಲೆ ಏನಾಯಿತು ಎನ್ನುವುದನ್ನು ಬರೆಯುವಾಗ ನಗು ಬರುತ್ತಿದೆ. ಇಬ್ಬರೂ ಎತ್ತುಗೋಲಿನಿಂದ ಕೈ ಎತ್ತಿ, ಇನ್ನೊಬ್ಬರ ಮುಖ ನೋಡಿ, ಮನೆಯಲ್ಲಿ ಕೊನೆಯ ಹೋಳಿಗೆ ಉಳಿದಾಗ ಮಾಡುವ ಹಾಗೆ ಉಪಚಾರಕ್ಕೆ ನಿಂತೆವು. "ನೀವ ತಗೋರಿ ಅತ್ತೀ..." "ಇಲ್ಲವಾ, ನೀ ತಗೊ..." ಮಾತು ಮುಗಿಯುವ ಮೊದಲು ನೆಲ ಬಂತು.

ಗಿರಿಗಿಟ್ಲೆ ಊರಿ ನಿಲ್ಲುವ ಕಾಲ್ಗಂಬಿಗಳು ಕಪ್ಪೆಯ ಕಾಲಿನಂತೆ ಎರಡೂ ಕಡೆ ಹರಡಿದವು. ಬಾಲ ಮುರಿಯಿತು. ರೆಕ್ಕೆಯ ಗಾಳಿಗೆ ಬೆಣಚಿಕಟ್ಟಿಯ ವರ್ಷದ ಸಂಡಿಗೆಯೆಲ್ಲ ಒಮ್ಮೆಲೇ ಎದ್ದು, ಮದುವೆಯಲ್ಲಿ ಅಕ್ಕಿಕಾಳು ಬಿದ್ದಂತೆ ನಮ್ಮ ಮೇಲೆ ಸುರಿಯಿತು. ಆಮೇಲೆ ಪಕ್ಕದ ಸೀಟಿನಿಂದ, "ನಂದಾ, ಜೀವ ಐತೇನು?" "ಐತ್ರಿ ಅತ್ತೀ." "ಹಂಗಾರ ನನ್ನ ಸೆರಗ ಸರಿ ಮಾಡು. ಮಂದಿ ಬರಾಕತ್ತಾರ. ನನ್ನ ಎಡಗೈ ಹೇಳಿದ ಮಾತ ಕೇಳವಲ್ತು." ಅವರ ಎಡ ಮಣಿಕಟ್ಟು ಮುರಿದಿತ್ತು. ನನಗೆ ಮೊಣಕಾಲು ತರಚಿದ್ದು, ಅಷ್ಟೆ. ಎಲ್ಲರಿಗಿಂತ ಮೊದಲು ಬಂದವಳು ಎದುರುಮನೆಯ ಹೊನ್ನವ್ವ. ಹೊಟ್ಟೆಯಲ್ಲಿ ಅವಳಿ ಕೂಸು, ದಿನ ತುಂಬುತ್ತ ಬಂದಿವೆ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೇ ಓಡಿ ಬಂದಳು. ಹಾರಿದ್ದರಲ್ಲಿ ಹೆಚ್ಚಿನ ಸಂಡಿಗೆ ಅವಳದೇ. ಅತ್ತೆಯ ಕೂದಲಿಂದ ಒಂದೆಳೆ ಸಂಡಿಗೆ ಬಿಡಿಸಿ ಬಾಯಿಗೆ ಹಾಕಿಕೊಂಡು, "ಉಪ್ಪು ಸರಿ ಐತಿ," ಎಂದಳು. ಆಮೇಲೆ ಜೋರಾಗಿ ಅತ್ತಳು, ಆಮೇಲೆ ನಮ್ಮಿಬ್ಬರನ್ನೂ ಬೈದಳು. "ನನ್ನ ಸಂಡಗಿ ಹಾರಿಸಿದ್ರಿ, ಹೋಗ್ಲಿ. ನನ್ನ ಎರಡು ಕೂಸಿನ್ನ ಮಾತ್ರ ಹಿಂಗ ಇಳಸಬ್ಯಾಡ್ರಿ ಯವ್ವಾ!"

ಅಲ್ಲಿದೆ ನೋಡಿ ನನ್ನ ನಿದ್ದೆ ಹೋದ ಜಾಗ. ಅವಳಿ ಹೆರಿಗೆಯನ್ನು ಊರಿನ ಸೂಲಗಿತ್ತಿ ಒಪ್ಪುವುದಿಲ್ಲ, ಗದಗಿಗೆ ಒಯ್ಯಬೇಕು. ಗಾಡಿಯಲ್ಲಿ ಹೋದರೆ ಒಂದು ಹಗಲು ಪೂರ್ತಿ ಬೇಕು. ಅತ್ತೆಯ ಕೈ ಕೂಡುವುದು ಮುಂಗಾರಿಗೆ. ಈ ತಿಂಗಳೊಳಗೆ ನಾನು ಹುಸಿನಿಲುಗಡೆಯನ್ನು ಕೊನೆಯ ತನಕ ಮಾಡದಿದ್ದರೆ ಹೊನ್ನವ್ವನನ್ನು ಒಯ್ಯುವವರಿಲ್ಲ. ಊರಿನಲ್ಲಿ ಯಾರೂ ನನಗೆ ಹೀಗೆ ನೇರವಾಗಿ ಹೇಳಿಲ್ಲ. ಕಟ್ಟೆಯ ಮೇಲೆ ಕೂಡಿದ ಹಿರಿಯರು ನಕ್ಕು ಬಿಟ್ಟರು. ಚೆನ್ನವೀರ ಹಗಲೆಲ್ಲ ಗಿರಿಗಿಟ್ಲೆಯ ಬಾಲ ಕೂಡಿಸುತ್ತ, "ಇಬ್ಬರೂ ಜಗಳಾಡಿ ಹಿಡಕೊಂಡಿದ್ರ ಮಷೀನ್ ಉಳೀತಿತ್ತು. ಉಪಚಾರ ಮಾಡಿ ಕೆಡವಿದ್ರಿ," ಎಂದು ಹಾಡಿದಂತೆ ಹೇಳುತ್ತಾನೆ. ನಾನೂ ನಗುತ್ತೇನೆ. ಆದರೆ ಕಣ್ಣು ಮುಚ್ಚಿದರೆ ಆ ನಾಲ್ಕಾಳೆತ್ತರ ಬರುತ್ತದೆ. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಒಂದೇ ಯೋಚನೆ: ಚುಕ್ಕಿ ಎಡ ಹೆಗಲ ಮೇಲೆ ಹಾಕಿಕೊಂಡರೆ ಮಾತ್ರ ಮಲಗುತ್ತಾಳೆ, ಇದನ್ನು ನಾನು ಯಾರಿಗೂ ಹೇಳಿಲ್ಲ. ಅವತ್ತಿನಿಂದ ಅವಳನ್ನು ಯಾರ ಕೈಗೂ ಕೊಟ್ಟಿಲ್ಲ. ಚೆನ್ನವೀರ ಕೈ ಚಾಚಿದರೆ ಈಗ ಹಾಲು ಕುಡಿದಿದ್ದಾಳೆ ಎನ್ನುತ್ತೇನೆ. ಅತ್ತೆ ಒಂದು ಕೈ ಚಾಚಿದರೆ ನಿಮ್ಮ ಕೈಗೆ ನೋವಾಗುತ್ತದೆ ಎನ್ನುತ್ತೇನೆ. ತೊಟ್ಟಿಲಿಗೆ ಗಾಲಿ ಹಾಕಿಕೊಡು ಎಂದು ಗಂಡನಿಗೆ ಹೇಳಿದಾಗ ಅತ್ತೆ ನಿಟ್ಟುಸಿರು ಬಿಟ್ಟು, "ಅಕ್ಷತಾ ತಿರುಗಿ ಬಂದ್ಲಪಾ ಮನಿಗೆ," ಎಂದರು. ಅವರೇ ಈ ಕಾಗದ ತಂದು ನನ್ನ ಮುಂದೆ ಇಟ್ಟವರು.

ನಿಮಗೆ ನೀವು ಎನ್ನಬೇಕೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಾರೆ. ಐದು ಅತ್ತೆಯಷ್ಟು ದೊಡ್ಡವರು. ಆದರೆ ಈಗ ನಿಮಗೆ ವಯಸ್ಸು ಇಪ್ಪತ್ತೈದು, ನನಗೆ ಇಪ್ಪತ್ತೇಳು. ಗದಗಿನ ಮೂರನೆಯ ಮಹಡಿಯಲ್ಲಿ ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು, ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ತಣ್ಣಗಾದ ಚಹಾ. ಹೇಗೆ ನೀವು ಎನ್ನಲಿ? ಇನ್ನು ಮೇಲೆ ನೀನು ಎನ್ನುತ್ತೇನೆ. ಅತ್ತೆ ಹೇಗೂ ಓದುವುದಿಲ್ಲ.

ಚುಕ್ಕಿ ಎದ್ದಳು. ನಿಲ್ಲಿಸುತ್ತೇನೆ.

*

ಇವತ್ತು ಬಿಡುವಿನ ತಿಂಗಳ ಒಂಬತ್ತನೆಯ ದಿನ. ಅಕ್ಷತಾ, ನಾನು ಮಲಗಿದೆ! ಅದನ್ನು ಮೊದಲು ಬರೆದುಬಿಡುತ್ತೇನೆ. ಹೇಗೆ ಮಲಗಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ನಿನ್ನೆ ಸಂಜೆ ಎಬ್ಬಿಸಿದಾಗ ಯಾವ ಊರು, ಯಾವ ಹೊತ್ತು ಒಂದೂ ತಿಳಿಯಲಿಲ್ಲ, ಕೆನ್ನೆಯ ಮೇಲೆ ಚಾಪೆಯ ಗುರುತು ಮೂಡಿತ್ತು.

ನಿನ್ನೆ ಚೆನ್ನವೀರ ಬಂದು ಗಿರಿಗಿಟ್ಲೆ ತಯಾರಾಗಿದೆ ಎಂದ. ಬಾಲಕ್ಕೆ ಮೂರು ಬಣ್ಣದ ತೇಪೆ ಹಾಕಿದ್ದಾನೆ, ಕೌದಿಯ ಹಾಗೆ ಕಾಣುತ್ತದೆ. ಅತ್ತೆ ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡೇ, "ನಡಿ," ಎಂದರು. ನಾನು ಚುಕ್ಕಿಯನ್ನು ಅವುಚಿಕೊಂಡು ನಿಂತೇ ಇದ್ದೆ. ಅವಳನ್ನು ಎದೆಗೆ ಕಟ್ಟಿಕೊಂಡು ಹಾರಬಹುದೇ ಎಂದು ಕೇಳಿದೆ. ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಚೆನ್ನವೀರ ನಗಲಿಲ್ಲ. ಅಂಗಿಗೆ ಕೈ ಒರೆಸಿಕೊಂಡು, ಒರೆಸಿದ ಕೈ ಮೂಸಿ ನೋಡಿ, ಮತ್ತೆ ತೊಳೆದುಕೊಂಡು ಬಂದ. "ಎಡಾ ಹೆಗಲ ಮ್ಯಾಲ ಹಾಕ್ಕೊಂಡ್ರ ಮಲಗ್ತಾಳ. ನನಗ ಗೊತ್ತೈತಿ," ಎಂದ. "ಯಾರು ಹೇಳಿದ್ರು?" "ಐದು ತಿಂಗಳಾತು, ನಾ ಏನು ಕುರುಡನ?" ನಾನು ನೆಲಕ್ಕೆ ಬಟ್ಟೆ ಹಾಸಿ ಅವಳನ್ನು ಇಡಲಿಲ್ಲ. ಅವನ ಕೈಗೇ ಕೊಟ್ಟೆ. ಅವನು ಗಟ್ಟಿಯಾಗಿ ಹಿಡಿದದ್ದು ಕೈಗೆ ತಿಳಿದ ಮೇಲೆ ಬಿಟ್ಟೆ. ನಿನ್ನೆಯ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅದು. ಹಾರುವುದು ಅಷ್ಟು ಕಷ್ಟವಾಗಲಿಲ್ಲ.

ಮೇಲೆ ಹೋದೆವು. ಕೆಳಗೆ ಇಳಿಗಟ್ಟೆಯಲ್ಲಿ ಊರಿನ ಹೆಂಗಸರು ಈ ಸಲ ಸಂಡಿಗೆಯ ಸೀರೆಗಳನ್ನೆಲ್ಲ ಎಳೆದು ಎಳೆದು ಆಚೆ ಅಂಚಿಗೆ ಒಯ್ದಿದ್ದರು. ನಡುವೆ ಖಾಲಿ ನೆಲ, ಒಳ್ಳೆಯ ರೊಟ್ಟಿ ಹಂಚಿನ ಹಾಗೆ ದುಂಡಗೆ. ಅತ್ತೆ ಎಂಜಿನ್ ತಗ್ಗಿಸಿದರು. ಎತ್ತುಗೋಲು ಒತ್ತಿದೆ. ಆ ಮೌನವಿದೆಯಲ್ಲ, ಅಕ್ಷತಾ, ಅದನ್ನು ನಿನಗೆ ಕೇಳಿಸಲು ಸಾಧ್ಯವಿದ್ದರೆ! ಕೂಸು ಅತ್ತು ಅತ್ತು ಒಮ್ಮೆಲೇ ನಿದ್ದೆ ಹೋದಾಗ ಮನೆಗೆ ಇಳಿಯುತ್ತದಲ್ಲ, ಅಂಥ ಮೌನ. ಗಾಳಿ ನಮ್ಮನ್ನು ತಿರುವುತ್ತ ತಿರುವುತ್ತ ಕೆಳಗಿಳಿಸುತ್ತಿತ್ತು. ನೆಲ ದೊಡ್ಡದಾಗತೊಡಗಿದಂತೆ ನನ್ನ ಎಡಗೈ ತಾನಾಗಿಯೇ ಸಡಿಲಾಗತೊಡಗಿತು. ಕೈಗೆ ರೂಢಿ, ಈ ಎತ್ತರದಲ್ಲಿ ಇಡಬೇಕು ಎಂದು ಅದಕ್ಕೆ ಗೊತ್ತು. ಅಷ್ಟರಲ್ಲಿ ನನ್ನ ಕೈಯ ಮೇಲೆ ಅತ್ತೆಯ ಬಲಗೈ ಬಂದು ಕೂತಿತು. ಬೆಚ್ಚಗೆ, ಒರಟಾಗಿ, ಬೆಳ್ಳುಳ್ಳಿಯ ವಾಸನೆಯ ಕೈ. ನನಗೆ ಜೀವವೇ ಹಾರಿತು. "ಅತ್ತೀ, ಕೈಯಿಂದ ಕೈಗೆ..." ಎಂದೆ.

"ಜಗಳ ಆಗ್ತೈತಲ್ಲ? ಆಗ್ಲಿ," ಎಂದರು. "ಕೆಳಗ ಇಳದ ಮ್ಯಾಲ ಆಡೋಣು. ಬಿಡಬ್ಯಾಡ."

ಮೂತಿ ಎತ್ತಿದೆ. ನಾಲ್ಕಾಳೆತ್ತರ, ಮೂರಾಳೆತ್ತರ. ಅತ್ತೆಯ ಕೈ ಎಳೆಯಲಿಲ್ಲ, ಒತ್ತಲಿಲ್ಲ, ಸುಮ್ಮನೆ ಇತ್ತು. ಎಳೆದವಳು ನಾನು. ರೆಕ್ಕೆಗಳು ಕೂಡಿಟ್ಟುಕೊಂಡಿದ್ದೆಲ್ಲವನ್ನೂ ಒಂದೇ ಸಲ ಕೊಟ್ಟವು, ಕೆಳಗಿನಿಂದ ಯಾರೋ ಅಂಗೈ ಒಡ್ಡಿದ ಹಾಗೆ. ಹಾಲಿನ ಪಾತ್ರೆ ನೆಲಕ್ಕೆ ಬಂತು. ತುಳುಕಲಿಲ್ಲ. ಒಂದೆಳೆ ಸಂಡಿಗೆ ಹಾರಲಿಲ್ಲ.

ಆಮೇಲೆ ಆಡಿದ ಮಾತಿನಂತೆ ಜಗಳವಾಡಿದೆವು. ಇಳಿಗಟ್ಟೆಯಲ್ಲೇ, ಊರೆಲ್ಲ ನೋಡುತ್ತಿರುವಾಗ. ಶುರುವಾದದ್ದು ಚುಕ್ಕಿಗೆ ಓಮಿನ ನೀರು ಕುಡಿಸಬೇಕೋ ಬೇಡವೋ ಎಂಬಲ್ಲಿಂದ. ಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂದೆ. ಡಾಕ್ಟರು ಎಷ್ಟು ಹಡೆದಿದ್ದಾರೆ ಎಂದರು. ನಾನು ಸಾರಿಗೆ ಹುಳಿ ಹೆಚ್ಚು ಹಾಕುತ್ತೇನೆಂಬುದೂ, ನಾನು ಮಡಚಿಟ್ಟ ಸೀರೆಯನ್ನು ಅವರು ಬಿಚ್ಚಿ ಮತ್ತೆ ಮಡಚುತ್ತಾರೆಂಬುದೂ, ಮದುವೆಯಾದಾಗಿನಿಂದ ಇಬ್ಬರೂ ಕಟ್ಟೆಯ ಮೇಲೆ ಇಟ್ಟು ಇಟ್ಟು ಬಂದದ್ದೆಲ್ಲ ಹೊರಗೆ ಬಂತು. ಜಗಳ ಬೆಳೆದಷ್ಟೂ ನಗು ತಡೆಯಲಾಗಲಿಲ್ಲ. ಹೊನ್ನವ್ವ ನಡುವೆ ಬಂದು, "ನಗಿಸಬ್ಯಾಡ್ರಿ, ಇಲ್ಲೇ ಹಡೀತೇನಿ," ಎಂದು ಹೊಟ್ಟೆ ಹಿಡಿದುಕೊಂಡಳು. ಮನೆಗೆ ಬಂದರೆ ಚೆನ್ನವೀರನ ಎಡ ಹೆಗಲ ಮೇಲೆ ಚುಕ್ಕಿ ಬಾಯಿ ತೆರೆದುಕೊಂಡು ಮಲಗಿದ್ದಳು. ನೋಡಿದೆ. ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಚಾಪೆ ಹಾಸಿಕೊಂಡೆ. ಆಮೇಲಿನದು ನನಗೆ ಗೊತ್ತಿಲ್ಲ.

ಎತ್ತುಗೋಲಿನ ಕಟ್ಟಳೆ ಬದಲಾಗಿದೆ. ಇಟ್ಟೆ ಎನ್ನುವವಳು ಇನ್ನೊಂದು ಕೈ ತನ್ನ ಕೈಯ ಮೇಲೆ ಬಂದು ತಗೊಂಡೆ ಎನ್ನುವ ತನಕ ಬಿಡುವಂತಿಲ್ಲ. ಉಪ್ಪನ್ನು ಮಾತ್ರ ಈಗಲೂ ಕಟ್ಟೆಯ ಮೇಲೆಯೇ ಇಡುತ್ತೇವೆ, ನಿನ್ನ ಮರ್ಯಾದೆಗೆ. ನೀನು ಬೇಸರ ಮಾಡಿಕೊಳ್ಳುವುದಿಲ್ಲವೆಂದು ನಂಬುತ್ತೇನೆ.

ಒಂದು ಕೋರಿಕೆ ಇದೆ. ಅದಕ್ಕೇ ಈ ಓಲೆ ಮುಗಿಸುತ್ತಿದ್ದೇನೆ. ನಿಮ್ಮಲ್ಲಿ ನೀರು ಕಾಯಿಸಲು ಗೀಸರ್ ಇತ್ತಂತೆ, ಒಲೆಯಿಲ್ಲ. ಯಾವತ್ತಾದರೂ ಕೂಸಿಗೆ ಎರೆಯುವಾಗ ಒಲೆಯೇ ಇಲ್ಲದ ಬಚ್ಚಲಲ್ಲಿ ಹೊಗೆಯ ವಾಸನೆ ಬಂದರೆ, ಮೊದಲು ಗೀಸರಿನ ವೈರು ನೋಡು. ಅದು ಸರಿಯಿದ್ದರೆ ಆ ಹೊಗೆ ನಾನು. ಆಗ ನಿನ್ನ ಅತ್ತೆ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಾರೆ, ಕೊಡವಾ ಎನ್ನುತ್ತಾರೆ. ಅವರ ಕೈ ಗಟ್ಟಿಯಿಲ್ಲ, ಅವರಿಗೆ ತಿಳಿಯುವುದಿಲ್ಲ, ಅವರು ಓಮಿನ ನೀರು ಕುಡಿಸುತ್ತಾರೆ ಎಂದೆಲ್ಲ ನಿನಗೆ ಅನಿಸುತ್ತದೆ. ಕುಡಿಸಲಿ. ಆಮೇಲೆ ಜಗಳವಾಡು. ಆ ಕೂಸು ಬದುಕುತ್ತದೆ, ಅಕ್ಷತಾ. ಬೆಳೆಯುತ್ತದೆ, ಮದುವೆಯಾಗುತ್ತದೆ, ಆರು ತಲೆಮಾರು ದಾಟಿ ಇಲ್ಲಿ ನನ್ನ ಮುಂದೆ ಹುಳಿ ಕಡಲೆಯ ವಾಸನೆಯ ಮೈ ಹೊತ್ತು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಳ್ಳುತ್ತಿದೆ. ನಾನು ಕಣ್ಣಾರೆ ನೋಡುತ್ತಿದ್ದೇನೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ತಾಯಿಗೂ ಸಿಕ್ಕಿರಲಿಕ್ಕಿಲ್ಲ.

ಓಣಿಯಲ್ಲಿ ಹೊನ್ನವ್ವ ಕೂಗುತ್ತಿದ್ದಾಳೆ. "ನಂದಕ್ಕಾ, ಬಾ ಲಗೂನ, ಇವು ಇಬ್ಬರೂ ಕೂಡೇ ಹೊಂಟಾವು!" ಚೆನ್ನವೀರ ಗಿರಿಗಿಟ್ಲೆಯ ಹೊದಿಕೆ ತೆಗೆಯಲು ಓಡಿದ. ಅತ್ತೆ ಬಾಗಿಲಲ್ಲಿ ನಿಂತು ಚುಕ್ಕಿಯತ್ತ ಒಂದು ಕೈ ಚಾಚಿದ್ದಾರೆ. ಇನ್ನೊಂದು ಕೊರಳಿಗೆ ಕಟ್ಟಿದೆ. ಒಂದೇ ಕೈ ಸಾಕು.

ನಾನು ಕೊಡುತ್ತಿದ್ದೇನೆ. ನೀನೂ ಕೊಡು. ಕೈಯಿಂದ ಕೈಗೆ ಕೊಡು, ಅವರು ತಗೊಂಡೆ ಎಂದ ಮೇಲೆ ಬಿಡು. ಆಮೇಲೆ ಮಲಗು ತಂಗಿ, ಸ್ವಲ್ಪ ಹೊತ್ತು ಮಲಗು.

ಮಹಾನಂದಾ